ಚುಕ್ಕಿಯಕ್ಕ ಕದಿಯದ ಎರಡು ಸಾವಿರ ಪುಸ್ತಕಗಳು

ಹತ್ತೊಂಬತ್ತು ದಿನಗಳ ಕೂಲಿ ಇನ್ನೂ ಬಾಕಿ ಇದೆ. ವಿಶ್ವವಿದ್ಯಾಲಯದ ಗ್ರಂಥಾಲಯದ ಎರಡನೇ ಮಹಡಿಯಲ್ಲಿ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಏಣಿ ಹತ್ತಿ ಇಳಿದು, ಧೂಳು ಕುಡಿದು ಮಾಡಿದ ಕೆಲಸದ ಕೂಲಿ. ಕೇಳಿದರೆ ಹಣಕಾಸು ವಿಭಾಗದವರು ಲಿಖಿತ ಉತ್ತರವನ್ನೇ ಕೊಟ್ಟಿದ್ದಾರೆ: ಆ ದಿನಗಳಲ್ಲಿ ಸದರಿ ಮಹಿಳೆ ಕೆಲಸದಲ್ಲಿ ಇರಲಿಲ್ಲ. ಇಲ್ಲದ ಹೆಂಗಸು ಎರಡು ಸಾವಿರ ಪುಸ್ತಕ ಹುಡುಕಿ ಕೊಟ್ಟದ್ದು ಹೇಗೆ ಎಂಬ ಅನುಮಾನ ಅವರಿಗೆ ಬಂದಂತಿಲ್ಲ. ದೆವ್ವಕ್ಕೆ ಕೂಲಿ ಕೊಡುವ ನಿಯಮ ಅವರಲ್ಲಿಲ್ಲ, ಅಷ್ಟೇ. ಇರಲಿ, ಆ ಕೂಲಿಯನ್ನು ನಮ್ಮ ನೌಕರರ ಸಂಘ ವಸೂಲಿ ಮಾಡಿಕೊಳ್ಳುತ್ತದೆ. ಇಲ್ಲಿ ಬರೆಯಬೇಕಾದದ್ದು ಅದಕ್ಕಿಂತ ದೊಡ್ಡ ಹಲ್ಕಾ ಕೆಲಸದ ಬಗ್ಗೆ.

ಆ ಮಹಿಳೆಯನ್ನು ಗ್ರಂಥಾಲಯದಲ್ಲಿ ಎಲ್ಲರೂ ಚುಕ್ಕಿಯಕ್ಕ ಎನ್ನುತ್ತಾರೆ. ವಯಸ್ಸು ನಲವತ್ತಾರು. ಅದರಲ್ಲಿ ಇಪ್ಪತ್ತೊಂದು ವರ್ಷ ಎರಡನೇ ಮಹಡಿಯಲ್ಲೇ ಕಳೆದಿದೆ. ಮೊದಲು ಗುಡಿಸುವ ಕೆಲಸ, ಆಮೇಲೆ ಪುಸ್ತಕ ಒರೆಸುವುದು, ಆಮೇಲೆ ಓದುಗರು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಮತ್ತೆ ರ್ಯಾಕಿಗೆ ಸೇರಿಸುವುದು. ಹುದ್ದೆಯ ಹೆಸರು ನಾಲ್ಕು ಸಲ ಬದಲಾಯಿತು. ಗುತ್ತಿಗೆದಾರ ಆರು ಸಲ ಬದಲಾದ. ಬದಲಾಗದೆ ಉಳಿದದ್ದು ಗುರುತಿನ ಚೀಟಿಯ ಮೇಲಿನ 'ತಾತ್ಕಾಲಿಕ' ಎಂಬ ಪದ ಒಂದೇ. ಇಪ್ಪತ್ತೊಂದು ವರ್ಷದ ತಾತ್ಕಾಲಿಕ! ಆ ಕಟ್ಟಡದ ಲಿಫ್ಟು ಕೂಡ ಅಷ್ಟು ವರ್ಷ ಬಾಳಲಿಲ್ಲ.

ಗ್ರಂಥಾಲಯದಲ್ಲಿ ಪ್ರತಿ ಪುಸ್ತಕದ ಬೆನ್ನಿಗೂ ಒಂದು ಬಿಳಿ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಮೇಲೆ ಒಂದು ಸಂಖ್ಯೆ, ಕೆಳಗೆ ಬರೆದವರ ಹೆಸರಿನ ಮೊದಲ ಮೂರಕ್ಷರ. ಇದೇ ಕಾಲ್ ನಂಬರ್. ಪುಸ್ತಕದ ವಿಳಾಸ ಎನ್ನಿ. ಸಂಖ್ಯೆಯಲ್ಲಿ ಮೊದಲು ಮೂರು ಅಂಕಿ, ಆಮೇಲೆ ಒಂದು ಚುಕ್ಕಿ, ಚುಕ್ಕಿಯ ನಂತರ ಮತ್ತಷ್ಟು ಅಂಕಿ. ಏಳನೇ ತರಗತಿ ಓದಿದ ಈ ಹೆಂಗಸಿಗೆ ಇದನ್ನು ಕಲಿಸಿದವರು ಪ್ರೊಫೆಸರಲ್ಲ. ಕೆಳಗಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಮುದುಕ ಬೈಂಡರ್. ಅಂಟಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಅವನು ಹೇಳಿದ್ದಿಷ್ಟು:

"ನೋಡು ತಾಯಿ, ಚುಕ್ಕಿವರೆಗೂ ಊರು. ಚುಕ್ಕಿ ದಾಟಿದ್ಮೇಲೆ ಮೊದಲನೇ ಅಂಕಿ ದೊಡ್ಡ ರಸ್ತೆ, ಎರಡನೇದು ಅಡ್ಡರಸ್ತೆ, ಮೂರನೇದು ಮನೆ. ಒಂದು-ಮೂರು-ಏಳು ಅಂತಿದ್ರೆ ಒಂದನೇ ರಸ್ತೆ, ಮೂರನೇ ಅಡ್ಡರಸ್ತೆ, ಏಳನೇ ಮನೆ. ಅದನ್ನ ನೂರ ಮೂವತ್ತೇಳು ಅಂತ ಓದಿದ್ಯೋ, ಊರಾಚೆ ಹೋಗಿ ಬೀಳ್ತೀಯ."

ಅಂದರೆ 331.137 ಎಂಬ ಪುಸ್ತಕ 331.2ಕ್ಕಿಂತ ಮುಂಚೆ ಬರಬೇಕು. ಯಾಕೆಂದರೆ ಒಂದನೇ ರಸ್ತೆ ಎರಡನೇ ರಸ್ತೆಗಿಂತ ಮುಂಚೆ. ಇಷ್ಟೇ ಗುಟ್ಟು. ಇಷ್ಟನ್ನು ಆಕೆ ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿದ್ದಾಳೆ. "ಚುಕ್ಕಿ ನೋಡಿ ಸರ್, ಚುಕ್ಕಿ ಆದ್ಮೇಲೆ ಒಂದೊಂದೇ ಅಂಕಿ ನೋಡಿ" ಎಂದು ಹೇಳಿ ಹೇಳಿಯೇ ಆ ಹೆಸರು ಬಿತ್ತು. ವಿದ್ಯಾರ್ಥಿಗಳು ಕಲಿತರು. ಪ್ರೊಫೆಸರುಗಳು ಕಲಿಯಲಿಲ್ಲ, ಕಲಿಯುವುದು ಅವರ ಕೆಲಸವಲ್ಲ, ಕಲಿಸುವುದು ಅವರ ಕೆಲಸ. ಬೇಕಾದ ಪುಸ್ತಕ ಬೇರೆಯವರ ಕೈಗೆ ಸಿಗಬಾರದೆಂದು ತತ್ವಶಾಸ್ತ್ರದ ಪುಸ್ತಕವನ್ನು ಕೋಳಿ ಸಾಕಣೆಯ ಸಾಲಿನ ಹಿಂದೆ ತುರುಕಿ ಹೋಗುವವರೂ ಅವರೇ. ಅಂಥದ್ದನ್ನೆಲ್ಲ ಚುಕ್ಕಿಯಕ್ಕ ಸಂಜೆ ಒಂದು ಸುತ್ತು ಹಾಕಿ ಎಳೆದು ತೆಗೆಯುತ್ತಿದ್ದಳು. ಯಾರು ಬಚ್ಚಿಟ್ಟದ್ದು ಎಂದೂ ಅವಳಿಗೆ ಗೊತ್ತಿರುತ್ತಿತ್ತು. ಬಾಯಿ ಬಿಡುತ್ತಿರಲಿಲ್ಲ.

ಗ್ರಂಥಪಾಲಕರ ವಿಷಯ ಹೇಳದೆ ಇರಲಾಗದು. ಅವರದು ಡಾಕ್ಟರೇಟ್. 'ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವ ಓದುಗರ ನಡವಳಿಕೆ' ಎಂಬ ವಿಷಯದ ಮೇಲೆ ಮುನ್ನೂರ ಎಂಬತ್ತು ಪುಟ ಬರೆದಿದ್ದಾರೆ. ಆ ಪ್ರಬಂಧದ ಒಂದು ಪ್ರತಿ ಅವರ ಕೋಣೆಯ ಗಾಜಿನ ಕಪಾಟಿನಲ್ಲಿದೆ, ಇನ್ನೊಂದು ಮೇಲಿನ ರ್ಯಾಕಿನಲ್ಲಿದೆ. ಒಮ್ಮೆ ಯಾರೋ ಅತಿಥಿಗೆ ತೋರಿಸಲು ತಾವೇ ಮೇಲೆ ಹೋಗಿ, ಮುಕ್ಕಾಲು ಗಂಟೆ ಸುತ್ತಿ, ಬೆವರು ಒರೆಸಿಕೊಳ್ಳುತ್ತ ಕೊನೆಗೆ ಕೂಗಿ ಕರೆದದ್ದು ಚುಕ್ಕಿಯಕ್ಕನನ್ನು. "ಏನಮ್ಮಾ, ನನ್ನ ಪುಸ್ತಕ ಎಲ್ಲಿಟ್ಟಿದೀಯ?" ಎಂದರಂತೆ. "ಅದ್ರ ಜಾಗದಲ್ಲೇ ಇದೆ ಸರ್, ನಿಮ್ಮ ಬೆನ್ನ ಹಿಂದೆ" ಎಂದಳಂತೆ. ಅವತ್ತಿನಿಂದ ಇವಳನ್ನು ಕಂಡರೆ ಅವರಿಗೆ ಆಗದು ಎಂದು ಕೌಂಟರಿನವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇವಳು ಇದ್ದಾಳೆಂಬುದೇ ಅವರಿಗೆ ನೆನಪಿರಲಿಕ್ಕಿಲ್ಲ, ಬೇಕಾದಾಗ ಬಿಟ್ಟರೆ.

ಬೇಕಾಗುವ ದಿನವೂ ಬಂತು. ಇಪ್ಪತ್ತು ವರ್ಷ ಮೀರಿದ ತಾತ್ಕಾಲಿಕ ನೌಕರರಲ್ಲಿ ಆರು ಜನರನ್ನು ಖಾಯಂ ಮಾಡುವುದಾಗಿ ವಿಶ್ವವಿದ್ಯಾಲಯ ಒಪ್ಪಿತು. ಸುಮ್ಮನೆ ಒಪ್ಪಲಿಲ್ಲ. ನಾವು ಹನ್ನೊಂದು ದಿನ ಗೇಟಿನ ಮುಂದೆ ಕೂತು, ಎರಡು ಸಲ ಪೊಲೀಸ್ ವ್ಯಾನ್ ಹತ್ತಿ ಇಳಿದ ಮೇಲೆ ಒಪ್ಪಿತು. ಆ ಪಟ್ಟಿಯಲ್ಲಿ ಚುಕ್ಕಿಯಕ್ಕನದು ಮೂರನೇ ಹೆಸರು. ಷರತ್ತು ಒಂದೇ, ದಾಖಲೆಯಲ್ಲಿ ಕಳಂಕ ಇರಬಾರದು.

ಅದೇ ವರ್ಷ, ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ತಪಾಸಣಾ ತಂಡ ಬರುವುದಿತ್ತು. ಬಂದವರಿಗೆ ಪುಸ್ತಕಗಳ ಲೆಕ್ಕ ತೋರಿಸಬೇಕು. ಗ್ರಂಥಪಾಲಕರು ಆ ಕೆಲಸವನ್ನು ಒಂದು ಖಾಸಗಿ ಏಜೆನ್ಸಿಗೆ ವಹಿಸಿದರು. ಪುಸ್ತಕಕ್ಕಿಷ್ಟು ಎಂದು ದರ. ಹಾಗಾಗಿ ಏಜೆನ್ಸಿಯವರಿಗೆ ಅವಸರ. ಬೇಸಿಗೆ ರಜೆಯ ಮೂರು ವಾರ ತಾತ್ಕಾಲಿಕದವರಿಗೆ ಕೆಲಸವೂ ಇಲ್ಲ, ಕೂಲಿಯೂ ಇಲ್ಲ. ಚುಕ್ಕಿಯಕ್ಕ ಮನೆಯಲ್ಲಿದ್ದಳು. ಆ ಮೂರು ವಾರದಲ್ಲಿ, ಕುತ್ತಿಗೆಗೆ ನೀಲಿ ಪಟ್ಟಿ ನೇತುಹಾಕಿಕೊಂಡ ಎಂಟು ಮಂದಿ ಎರಡನೇ ಮಹಡಿಗೆ ನುಗ್ಗಿದರು. ಲೆಕ್ಕ ಹಾಕುವ ಮುಂಚೆ ರ್ಯಾಕುಗಳನ್ನು 'ಸರಿಪಡಿಸಬೇಕು' ಎಂದು ಅವರ ಮೇಲ್ವಿಚಾರಕನಿಗೆ ಅನ್ನಿಸಿತು. ನೋಡಿದ: 331.137 ಮುಂದಿದೆ, 331.2 ಹಿಂದಿದೆ. ನೂರ ಮೂವತ್ತೇಳು ದೊಡ್ಡದೋ ಎರಡು ದೊಡ್ಡದೋ? ಒಂದನೇ ತರಗತಿಯ ಮಗುವಿಗೂ ಗೊತ್ತು. ಇಲ್ಲಿಯವರೆಗೆ ಇಲ್ಲಿ ಕೆಲಸ ಮಾಡಿದವರೆಲ್ಲ ದಡ್ಡರು ಎಂದು ತೀರ್ಮಾನಿಸಿ, ಇಡೀ ಮಹಡಿಯ ಪುಸ್ತಕಗಳನ್ನು ಸಣ್ಣ ಸಂಖ್ಯೆಯಿಂದ ದೊಡ್ಡ ಸಂಖ್ಯೆಗೆ ನೀಟಾಗಿ ಜೋಡಿಸಿದ. ಇಪ್ಪತ್ತು ವರ್ಷದ ಊರನ್ನು ಹದಿನಾಲ್ಕು ದಿನದಲ್ಲಿ ಕಿತ್ತು ಬೇರೆ ಕಡೆ ಕಟ್ಟಿದ ಹಾಗೆ.

ಆಮೇಲೆ ಲೆಕ್ಕ. ಕಂಪ್ಯೂಟರಿನಿಂದ ಪಟ್ಟಿ ತೆಗೆದರು. ಕಂಪ್ಯೂಟರ್ ಪಾಪ, ಹಳೆಯ ಬೈಂಡರ್ ಹೇಳಿದ ಕ್ರಮದಲ್ಲೇ ಪಟ್ಟಿ ಕೊಟ್ಟಿತು. ಒಂದೊಂದು ರ್ಯಾಕಿಗೆ ಒಂದೊಂದು ಹಾಳೆ. ಹಾಳೆಯಲ್ಲಿದ್ದ ಪುಸ್ತಕ ಆ ರ್ಯಾಕಿನಲ್ಲಿ ಕಂಡರೆ ಟಿಕ್. ಕಾಣದಿದ್ದರೆ 'ಕಾಣೆ'. ಪಕ್ಕದ ರ್ಯಾಕಿನಲ್ಲಿ, ಆ ರ್ಯಾಕಿನ ಹಾಳೆಯಲ್ಲಿಲ್ಲದ ನೂರಾರು ಪುಸ್ತಕಗಳು ಎದ್ದು ಕಾಣುತ್ತಿದ್ದವಲ್ಲ? ಕಂಡವು. ಆದರೆ ನಮೂನೆಯಲ್ಲಿ 'ಕಾಣೆ' ಎಂಬ ಕಾಲಂ ಇತ್ತು, 'ಹೆಚ್ಚಿಗೆ ಇದೆ' ಎಂಬ ಕಾಲಂ ಇರಲಿಲ್ಲ. ಇಲ್ಲದ್ದನ್ನು ಎಣಿಸುವ ಏರ್ಪಾಡಿತ್ತು, ಇರುವುದನ್ನು ಎಣಿಸುವ ಏರ್ಪಾಡಿರಲಿಲ್ಲ. ಕೊನೆಗೆ ವರದಿ ಬಂತು: ಎರಡನೇ ಮಹಡಿಯಲ್ಲಿ ಕಾಣೆಯಾದ ಪುಸ್ತಕ 2,214.

ತಪಾಸಣಾ ತಂಡ ಬರುವ ಮೊದಲು ಇಷ್ಟು ಪುಸ್ತಕ ನುಂಗಿದ ಒಂದು ಬಾಯಿ ಬೇಕಿತ್ತು. ಗ್ರಂಥಪಾಲಕರು ಹೆಚ್ಚು ದೂರ ಹುಡುಕಲಿಲ್ಲ. ಹುಡುಕುವುದು ಅವರಿಗೆ ಬರುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ. ರಜೆ ಮುಗಿದ ಮೊದಲ ದಿನ ಚುಕ್ಕಿಯಕ್ಕ ಊಟದ ಡಬ್ಬಿ ಹಿಡಿದು ಮೆಟ್ಟಿಲ ಬುಡಕ್ಕೆ ಬಂದಾಗ ಸೂಚನಾ ಫಲಕದ ಮುಂದೆ ಜನ ಸೇರಿತ್ತು. ಗಾಜಿನೊಳಗೆ ನೋಟಿಸು: ಎರಡನೇ ಮಹಡಿಯ ಉಸ್ತುವಾರಿಯಲ್ಲಿದ್ದ ತಾತ್ಕಾಲಿಕ ನೌಕರಳ ಅವಧಿಯಲ್ಲಿ 2,214 ಪುಸ್ತಕಗಳು ಕಾಣೆಯಾಗಿದ್ದು, ಏಳು ದಿನಗಳಲ್ಲಿ ವಿವರಣೆ ನೀಡತಕ್ಕದ್ದು, ಅಲ್ಲಿಯವರೆಗೆ ಪುಸ್ತಕಗಳ ವಿಭಾಗ ಪ್ರವೇಶಿಸತಕ್ಕದ್ದಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅವಳನ್ನು 'ಉಸ್ತುವಾರಿ' ಎಂದು ಕರೆದದ್ದು ಅದೇ ಮೊದಲು.

ಮನೆಯಲ್ಲಿ ಗಂಡ ನೀರಿನ ಪಂಪು ರಿಪೇರಿ ಮಾಡುವವನು. ಮಾತು ಕಡಿಮೆ. ಬಿಚ್ಚಿದ ಮೋಟಾರಿನ ಮುಂದೆ ಕೂತು ನೋಟಿಸಿನ ನಕಲನ್ನು ಎರಡು ಸಲ ಓದಿ, ಗ್ರೀಸಿನ ಕೈಯ ಗುರುತು ಬಿಟ್ಟು ವಾಪಸು ಕೊಟ್ಟ. ಮಾತಾಡಿದವಳು ಅವನ ತಾಯಿ.

"ಎರಡು ಸಾವಿರ ಪುಸ್ತಕವಂತೆ! ಲೇ, ಇಪ್ಪತ್ತು ವರ್ಷದಲ್ಲಿ ಒಂದು ರದ್ದಿ ಪೇಪರ್ ತಂದಿದ್ದು ನೋಡಿಲ್ಲ ನಾನು. ಒಲೆ ಹಚ್ಚೋಕೂ ಪಕ್ಕದ ಮನೇಲಿ ಕೇಳ್ಬೇಕು. ಕದಿಯೋಳಾಗಿದ್ರೆ ಕೊನೇಪಕ್ಷ ಈ ಸೋರೋ ಸೂರಾದ್ರೂ ರಿಪೇರಿ ಆಗ್ತಿತ್ತು."

"ಅತ್ತೆ, ಸುಮ್ನಿರಿ ಸ್ವಲ್ಪ."

"ಯಾಕೆ ಸುಮ್ನಿರ್ಲಿ? ಇಟ್ಟಿರೋದಾದ್ರೂ ಎಲ್ಲಂತೆ? ನನ್ನ ಮಂಚದ ಕೆಳಗಾ? ಬಂದು ನೋಡ್ಲಿ ಆ ಡಾಕ್ಟ್ರು. ಹಾಗೇ ನನ್ನ ಮಂಡಿನೋವೂ ನೋಡ್ಕೊಂಡು ಹೋಗ್ಲಿ."

"ಅವರು ಆ ಡಾಕ್ಟ್ರಲ್ಲ ಅತ್ತೆ."

"ಗೊತ್ತು ಕಣೇ. ಯಾವುದಕ್ಕೂ ಆಗದ ಡಾಕ್ಟ್ರು."

ಚುಕ್ಕಿಯಕ್ಕ ನಗಲಿಲ್ಲ. ಖಾಯಂ ಆದರೆ ಆರೋಗ್ಯ ವಿಮೆ ಸಿಗುತ್ತದೆ, ಆ ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಬಹುದು ಎಂದು ಮನೆಯವರೆಲ್ಲ ಮಾತಾಡಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಈಗ ಓಣಿಯ ನಲ್ಲಿಯ ಹತ್ತಿರ ಹೋದರೆ ಹೆಂಗಸರು ಬಿಂದಿಗೆ ಸರಿಸಿ ಜಾಗ ಬಿಡುತ್ತಿದ್ದರು. ಮೊದಲು ಸಾಲಲ್ಲಿ ನಿಲ್ಲು ಎಂದು ಜಗಳ ಆಡುತ್ತಿದ್ದವರು. ಆ ಮರ್ಯಾದೆಯೇ ಅವಳನ್ನು ಹೆಚ್ಚು ಸುಟ್ಟಿತು.

ಮಾರನೇ ದಿನ ಆಕೆ ಕಾಣೆಯಾದ ಪುಸ್ತಕಗಳ ಪಟ್ಟಿಯ ನಕಲು ಕೇಳಿದಳು. ಕೊಡಲು ಬರುವುದಿಲ್ಲ ಎಂದರು. ಆರೋಪ ಹೊರಿಸಿದ ಮೇಲೆ ಪಟ್ಟಿ ಕೊಡದಿರಲು ಬರುವುದಿಲ್ಲ ಎಂದು ಸಂಘದ ನಾಲ್ಕು ಜನ ಹೋಗಿ ಗಂಟಲು ಏರಿಸಿದ ಮೇಲೆ ಐವತ್ತಾರು ಹಾಳೆ ಕೊಟ್ಟರು. ಒಳಗೆ ಹೋಗುವಂತಿಲ್ಲವಾದ್ದರಿಂದ ಗ್ರಂಥಾಲಯದ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಇಳಿದಳು. ಶೀರ್ಷಿಕೆಗಳು ಅವಳಿಗೆ ಬೇಕಿರಲಿಲ್ಲ, ಅರ್ಧಕ್ಕರ್ಧ ಅರ್ಥವೂ ಆಗುತ್ತಿರಲಿಲ್ಲ. ಅವಳು ಓದಿದ್ದು ಎಡಗಡೆಯ ಕಾಲ್ ನಂಬರ್ ಮಾತ್ರ. ಮಧ್ಯಾಹ್ನ ಕಳೆದು ಮೂರರ ಹೊತ್ತಿಗೆ, ಮೂವತ್ತೊಂದನೇ ಹಾಳೆಯಲ್ಲಿ ಪೆನ್ಸಿಲ್ ನಿಂತಿತು. ಮತ್ತೆ ಮೊದಲಿನಿಂದ ತಿರುವಿ ಹಾಕಿದಳು. ಪಕ್ಕದಲ್ಲಿ ಕೂತಿದ್ದ ನಮ್ಮ ಕಡೆ ತಿರುಗಿ ಹೇಳಿದಳು:

"ಅಣ್ಣಾ, ಈ ಕಳ್ಳ ವಿಚಿತ್ರದೋನು. ಚುಕ್ಕಿ ಇಲ್ಲದ ಪುಸ್ತಕ ಒಂದೂ ಕದ್ದಿಲ್ಲ."

ಎರಡು ಸಾವಿರದ ಇನ್ನೂರ ಹದಿನಾಲ್ಕು ಪುಸ್ತಕಗಳಲ್ಲಿ ಪ್ರತಿಯೊಂದಕ್ಕೂ ಚುಕ್ಕಿ ಇತ್ತು. ಬರೀ 331, ಬರೀ 320, ಬರೀ 370 ಎಂದಿರುವ ನೂರಾರು ಪುಸ್ತಕಗಳು ಎರಡನೇ ಮಹಡಿಯಲ್ಲಿವೆ, ಒಂದೂ ಕಾಣೆಯಾಗಿರಲಿಲ್ಲ. ಕಳ್ಳನಿಗೆ ಹಣ ಬೇಕು, ಇಲ್ಲವೇ ವಿದ್ಯೆ ಬೇಕು. ಚುಕ್ಕಿ ಯಾಕೆ ಬೇಕು? ಚುಕ್ಕಿಯ ನಂತರದ ಅಂಕಿಗಳನ್ನು ಯಾರೋ ತಪ್ಪಾಗಿ ಓದಿದ್ದಾರೆ, ಪುಸ್ತಕಗಳೆಲ್ಲ ಒಳಗೇ ಇವೆ, ಬೇರೆ ರ್ಯಾಕಿನಲ್ಲಿವೆ ಎಂದು ಆ ಮೆಟ್ಟಿಲ ಮೇಲೆ, ಒಂದೂ ಪುಸ್ತಕ ನೋಡದೆ ಅವಳು ಹೇಳಿಬಿಟ್ಟಳು. ಮುನ್ನೂರ ಎಂಬತ್ತು ಪುಟ ಬರೆದವರಿಗೆ ಇಷ್ಟು ದಿನ ಆ ಪಟ್ಟಿ ಮೇಜಿನ ಮೇಲಿದ್ದರೂ ಹೊಳೆಯದ ಮಾತು.

ಹೊಳೆದಿರಲಿಲ್ಲವೋ, ಹೊಳೆದದ್ದನ್ನು ಅದುಮಿದರೋ? ಇದಕ್ಕೆ ಉತ್ತರ ಅವರ ಕೋಣೆಯಲ್ಲೇ ಸಿಕ್ಕಿತು. ಚುಕ್ಕಿಯಕ್ಕ ವಿವರಣೆ ಕೊಡಲು ಹೋದಾಗ ಏಜೆನ್ಸಿಯ ಮೇಲ್ವಿಚಾರಕ ಅಲ್ಲೇ ಕೂತು ಟೀ ಕುಡಿಯುತ್ತಿದ್ದ.

"ಸರ್, ಎಲ್ಲಾ ಪುಸ್ತಕ ಒಟ್ಟಿಗೆ ಒಂದ್ಸಲ ಎಣಿಸ್ಬಿಡಿ. ಮೊತ್ತ ಸರಿಯಾಗುತ್ತೆ" ಎಂದಳು.

"ಟೆಂಡರ್‌ನಲ್ಲಿ ಮೊತ್ತ ಎಣಿಸೋದು ಇಲ್ಲ ಮೇಡಂ" ಎಂದ ಮೇಲ್ವಿಚಾರಕ.

"ಮತ್ತೆ ಏನೆಣಿಸಿದ್ರಿ ಅಪ್ಪಾ ಮೂರು ವಾರ?"

"ನಾವು ಎಲ್ಲಾ ಕರೆಕ್ಟಾಗಿ ಜೋಡಿಸಿ ಕೊಟ್ಟಿದೀವಿ. ನೀವು ಹೆಂಗೆಂಗೋ ಇಟ್ಟಿದ್ರಿ. ನೂರ ಮೂವತ್ತೇಳು ಮುಂದೆ, ಎರಡು ಹಿಂದೆ! ನಮ್ಮ ಹುಡ್ಗರು ನಕ್ಕೂ ನಕ್ಕೂ ಸಾಕಾದ್ರು."

ಚುಕ್ಕಿಯಕ್ಕ ಗ್ರಂಥಪಾಲಕರ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅವರಿಗೆ ಗೊತ್ತಿತ್ತು. ಗೊತ್ತಿರದೆ ಇರಲು ಸಾಧ್ಯವೇ? ಅದು ಅವರ ವಿದ್ಯೆಯ ಮೊದಲ ಪಾಠ. ಆದರೆ ಈಗ ತಪ್ಪು ಎಂದರೆ, ಏಜೆನ್ಸಿಯ ಬಿಲ್ಲಿಗೆ 'ಕೆಲಸ ತೃಪ್ತಿಕರ' ಎಂದು ಸಹಿ ಹಾಕಿದ ಕೈಯೂ ತಪ್ಪಾಗುತ್ತದೆ.

"ನೋಡಮ್ಮಾ, ಜೋಡಣೆಯಲ್ಲಿ ಬೇರೆ ಬೇರೆ ಪದ್ಧತಿಗಳಿವೆ" ಎಂದರು.

"ಸರ್, ಪದ್ಧತಿ ಎರಡಿರ್ಬಹುದು. ಕಳ್ಳಿ ಅಂತ ಬೋರ್ಡಿಗೆ ಹಾಕಿರೋದು ನನ್ನೊಬ್ಳನ್ನೇ."

"ಕಳ್ಳಿ ಅಂತ ಎಲ್ಲಿ ಬರೆದಿದೀವಿ? ಕಾಣೆ ಅಂತ ಬರೆದಿದೀವಿ. ಸರಿಯಾಗಿ ಓದು."

ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿದರು. ಅರ್ಥಶಾಸ್ತ್ರದ ಪ್ರೊಫೆಸರು, ಅದರಲ್ಲೂ ಕಾರ್ಮಿಕರ ಬದುಕಿನ ತಜ್ಞ. ದುಡಿಯುವ ಜನರ ಬವಣೆಯ ಬಗ್ಗೆ ಹನ್ನೆರಡು ಪುಸ್ತಕ ಬರೆದಿದ್ದಾರೆ, ಪ್ರತಿಯೊಂದನ್ನೂ ಒಂದೊಂದು ದೇಶದ ವಿಚಾರ ಸಂಕಿರಣದಲ್ಲಿ ಬಿಡುಗಡೆ ಮಾಡಿಸಿದ್ದಾರೆ. ನಮ್ಮ ಗೇಟಿನ ಧರಣಿಗೆ ಒಮ್ಮೆ ಬಂದು, ಹದಿನೈದು ನಿಮಿಷ ಮಾತಾಡಿ, ಬಿಸಿಲೆಂದು ಹೋಗಿದ್ದರು. ಅಂಥವರ ಮುಂದೆ ಚುಕ್ಕಿಯಕ್ಕ ನಿಂತಳು. ಕುರ್ಚಿ ಇತ್ತು, ಕೂರು ಎನ್ನಲು ತಜ್ಞರಿಗೆ ತೋಚಲಿಲ್ಲ.

"ಏನಮ್ಮ, ಒಪ್ಕೊಂಡ್ಬಿಟ್ರೆ ಸುಲಭ. ನಿಮ್ಮಂಥವರ ಕಷ್ಟ ನನಗೆ ಅರ್ಥವಾಗುತ್ತೆ" ಎಂದರು.

"ಅರ್ಥ ಆಗೋದು ಆಮೇಲಿರ್ಲಿ ಸರ್. ನಿಮ್ಮ ನಿರುದ್ಯೋಗದ ಪುಸ್ತಕ ಕಳೆದಿದೆಯಂತೆ, ಹದಿನೇಳನೇ ಹಾಳೆ. ಗೊತ್ತಾ?"

ಪ್ರೊಫೆಸರು ನೆಟ್ಟಗೆ ಕೂತರು. ಹದಿನೇಳನೇ ಹಾಳೆ ತೆರೆದರು. 331.137, ಕೆಳಗೆ ಅವರದೇ ಹೆಸರಿನ ಮೂರಕ್ಷರ. ಎರಡು ಸಾವಿರ ಪುಸ್ತಕ ಕಳೆದಾಗ ಬರದ ಸಿಟ್ಟು ಈಗ ಬಂತು.

"ಮೂರು ಪ್ರತಿ! ಮೂರೂ ಕದ್ದಿದ್ದಾರಾ?"

"ಐದು ನಿಮಿಷ ಒಳಗೆ ಬಿಡಿ, ತಂದ್ಕೊಡ್ತೀನಿ."

"ಒಳಗೆ ಬಿಡಲು ಆದೇಶ ಇಲ್ಲ" ಎಂದರು ಪಕ್ಕದಲ್ಲಿ ಕೂತಿದ್ದ ಗ್ರಂಥಪಾಲಕರು.

"ನನ್ನ ಪುಸ್ತಕ ರೀ ಅದು!" ಎಂದರು ಪ್ರೊಫೆಸರು. ಆದೇಶ ಆಯಿತು.

ಮೂವರೂ ಮೇಲೆ ಹೋದರು. ಚುಕ್ಕಿಯಕ್ಕ 331ರ ಮೊದಲ ರ್ಯಾಕಿನ ಕಡೆ ತಿರುಗಿಯೂ ನೋಡಲಿಲ್ಲ. ಆ ಸಾಲು ಮುಗಿಯುವ ನಾಲ್ಕನೇ ರ್ಯಾಕಿಗೆ ನೇರವಾಗಿ ಹೋಗಿ, ಕೆಳಗಿನಿಂದ ಎರಡನೇ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೂರು ಪುಸ್ತಕ ಹೊರಗೆಳೆದಳು. ಮೂರೂ ಹೊಸದರಂತಿದ್ದವು; ಯಾರೂ ತೆರೆದಿರಲಿಲ್ಲ. ಅದನ್ನು ಆಕೆ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಪ್ರೊಫೆಸರು ಪುಸ್ತಕ ಎದೆಗವಚಿಕೊಂಡು ಸಾಲನ್ನು ಮತ್ತೆ ಮತ್ತೆ ನೋಡಿದರು. 331.9, ಪಕ್ಕದಲ್ಲೇ 331.11, ಅದರಾಚೆ 331.88, ಅದರಾಚೆ 331.137. "ಇದ್ರಲ್ಲಿ ತಪ್ಪೇನಿದೆ? ಒಂಬತ್ತು, ಹನ್ನೊಂದು, ಎಂಬತ್ತೆಂಟು, ನೂರ ಮೂವತ್ತೇಳು. ಸರಿಯಾಗೇ ಇದೆಯಲ್ಲ" ಎಂದರು.

ಅರ್ಥಶಾಸ್ತ್ರದ ಪ್ರೊಫೆಸರು ಸ್ವಾಮಿ! ದರದಲ್ಲಿ ಚುಕ್ಕಿಯ ನಂತರದ ಅಂಕಿ ಒಂದಿಷ್ಟು ಆಚೀಚೆ ಆದರೆ ದೇಶ ಮುಳುಗುತ್ತದೆ ಎಂದು ತರಗತಿಯಲ್ಲಿ ಬಡಬಡಿಸುವವರು.

ಚುಕ್ಕಿಯಕ್ಕ ತಾಳ್ಮೆಯಿಂದ ಕೇಳಿದಳು: "ಸರ್, ಒಂದೂವರೆ ಮೀಟರ್ ಬಟ್ಟೆ ಉದ್ದವೋ, ಒಂದೂ ಕಾಲು ಮೀಟರ್ ಉದ್ದವೋ?"

"ಒಂದೂವರೆ."

"ಬರೆಯೋದು ಹೇಗೆ?"

"ಒಂದು ಚುಕ್ಕಿ ಐದು. ಇನ್ನೊಂದು, ಒಂದು ಚುಕ್ಕಿ ಎರಡು ಐದು." ಹೇಳಿ ಮುಗಿಸುವಷ್ಟರಲ್ಲಿ ಪ್ರೊಫೆಸರ ಮುಖ ಬದಲಾಯಿತು. ಐದಕ್ಕಿಂತ ಇಪ್ಪತ್ತೈದು ದೊಡ್ಡದೆಂದು ಬಟ್ಟೆ ಅಂಗಡಿಯಲ್ಲಿ ಯಾರೂ ವಾದಿಸುವುದಿಲ್ಲ. ಅವರು ಗ್ರಂಥಪಾಲಕರ ಕಡೆ ತಿರುಗಿದರು. ಗ್ರಂಥಪಾಲಕರು ಕಿಟಕಿಯ ಕಡೆ ತಿರುಗಿದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ನಿಷ್ಕಳಂಕ ಎಂದು ಒಂದು ಸಾಲು ಬರೆದು, ಫಲಕದ ನೋಟಿಸು ಕಿತ್ತು, ಮೂರನೇ ಹೆಸರನ್ನು ಖಾಯಂ ಪಟ್ಟಿಯಲ್ಲಿ ಉಳಿಸಿದ್ದರೆ ನಾನೂ ಇದನ್ನು ಬರೆಯುತ್ತಿರಲಿಲ್ಲ. ಆದರೆ ಓದಿಕೊಂಡವರ ಬುದ್ಧಿ ಇಂಥ ಕಡೆಯೇ ಚುರುಕಾಗುವುದು. ತಪಾಸಣಾ ತಂಡ ಬರಲು ಇನ್ನು ಮೂರು ವಾರ. ಏಜೆನ್ಸಿಯವರನ್ನು ಮತ್ತೆ ಕರೆದರೆ ಯಾಕೆಂದು ಬರೆಯಬೇಕು. ಆದ್ದರಿಂದ ಗ್ರಂಥಪಾಲಕರು ಚುಕ್ಕಿಯಕ್ಕನನ್ನು ಕರೆದು, "ಮಾನವೀಯ ನೆಲೆಯಲ್ಲಿ ನಿನಗೊಂದು ಅವಕಾಶ ಕೊಡ್ತೀವಿ, ಎಲ್ಲ ಸರಿ ಮಾಡ್ಬಿಡು" ಎಂದರು. ಆದೇಶ? ಬಾಯಿಮಾತು. ಹಾಜರಿ ಪುಸ್ತಕ? ನೋಟಿಸು ಇತ್ಯರ್ಥವಾಗುವವರೆಗೆ ಸಹಿ ಹಾಕುವಂತಿಲ್ಲ.

"ಹೋಗ್ಬೇಡ" ಎಂದೆವು ನಾವು. ಬರಹದಲ್ಲಿ ಕೊಡದೆ ಒಂದು ಪುಸ್ತಕ ಮುಟ್ಟಬೇಡ ಎಂದೆವು. ಮೂವತ್ತು ವರ್ಷ ಧಿಕ್ಕಾರ ಕೂಗಿದವರ ಮಾತು, ತೂಕದ್ದೇ. ಅವಳು ಕೇಳಲಿಲ್ಲ.

"ಅಣ್ಣಾ, ಪುಸ್ತಕ ಹಾಗೇ ಬಿದ್ದಿದ್ರೆ ಕಳ್ಳತನ ಹಾಗೇ ಇರುತ್ತೆ. ಒಂದೊಂದನ್ನೂ ಜಾಗಕ್ಕೆ ಹಾಕಿದ್ರೆ ತಾನೇ ಕಳೆದಿಲ್ಲ ಅಂತ ಆಗೋದು?"

ಅವಳದು ಪುಸ್ತಕದ ನ್ಯಾಯ: ಜಾಗದಲ್ಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮನುಷ್ಯರ ಕಚೇರಿಯಲ್ಲಿ ಆ ನ್ಯಾಯ ನಡೆಯದು ಎಂದು ನಮಗೆ ಗೊತ್ತಿತ್ತು. ಹೇಳಿ ಒಪ್ಪಿಸಲು ಮಾತ್ರ ಆಗಲಿಲ್ಲ.

ಹತ್ತೊಂಬತ್ತು ದಿನ ದುಡಿದಳು. ರ್ಯಾಕು ಪೂರ್ತಿ ಖಾಲಿ ಮಾಡಿ, ನೆಲದ ಮೇಲೆ ಊರು, ರಸ್ತೆ, ಅಡ್ಡರಸ್ತೆ ಎಂದು ಗುಡ್ಡೆ ಮಾಡಿ, ಒಂದೊಂದನ್ನೇ ಒರೆಸಿ ಮೇಲಕ್ಕೇರಿಸಿದಳು. ಸಂಜೆ ಮನೆಗೆ ಹೋದರೆ ಅತ್ತೆಯದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಕಳ್ಳಮಾಲು ಸಿಕ್ತೇ?" ಮೊದಲ ದಿನ ತೊಂಬತ್ತು, ಆಮೇಲೆ ದಿನಕ್ಕೆ ನೂರಿಪ್ಪತ್ತರ ಹತ್ತಿರ. ಅವಳ ಕೈಬೆರಳುಗಳ ತುದಿ ಒಡೆದು ರಕ್ತ ಬಂತು. ಮುದುಕಿ ಬೈಯುತ್ತಲೇ ರಾತ್ರಿ ಎಣ್ಣೆ ಹಚ್ಚಿದಳು. ಕೊನೆಯ ದಿನ 2,207 ಪುಸ್ತಕ ಸಿಕ್ಕಿದ್ದವು. ಏಳು ಸಿಗಲಿಲ್ಲ.

ಏಳಕ್ಕೂ ಅವಳು ಸುಮ್ಮನಾಗಲಿಲ್ಲ. ಗ್ರಂಥಪಾಲಕರ ಕೋಣೆಗೆ ಹೋಗಿ, ಮೇಜಿನ ಮೇಲೆ ಕಂಪ್ಯೂಟರಿನ ಪರದೆ ಎತ್ತರವಾಗಲೆಂದು ಕೆಳಗೆ ಇಟ್ಟಿದ್ದ ನಾಲ್ಕು ದಪ್ಪ ಪುಸ್ತಕಗಳ ಬೆನ್ನು ತೋರಿಸಿದಳು. ಚೀಟಿಗಳು ಬಾಗಿಲ ಕಡೆಗೇ ಮುಖ ಮಾಡಿದ್ದವು. ಬಂದು ಹೋದವರೆಲ್ಲ ಎರಡು ವರ್ಷದಿಂದ ನೋಡಿದ್ದಾರೆ, ಯಾರೂ ಓದಿರಲಿಲ್ಲ. "ಇವು ನಾಲ್ಕು ಸರ್" ಎಂದಳು. ಉಳಿದ ಮೂರು ಕಾರ್ಮಿಕ ತಜ್ಞರ ಮನೆಯಲ್ಲಿದ್ದವು. ಎರವಲು ಪುಸ್ತಕದಲ್ಲಿ ನಮೂದಿಸದೆ ಅವರು ಒಯ್ದದ್ದನ್ನು ಅವಳೇ ಕಂಡಿದ್ದಳು; ಕೇಳಿ ಕಳಿಸಿದಳು. ಚಾಲಕನ ಕೈಯಲ್ಲಿ ಕಳಿಸಿದರು, ಸುದ್ದಿಪತ್ರಿಕೆಯಲ್ಲಿ ಸುತ್ತಿ. ಇವರಿಬ್ಬರ ಬಗ್ಗೆ ಫಲಕದಲ್ಲಿ ನೋಟಿಸು ಬಂದದ್ದನ್ನು ಯಾರಾದರೂ ಕಂಡಿದ್ದರೆ ತಿಳಿಸಬೇಕು.

ತಪಾಸಣಾ ತಂಡ ಬಂತು, ಎರಡನೇ ಮಹಡಿ ನೋಡಿತು, ಇಷ್ಟು ಅಚ್ಚುಕಟ್ಟಾದ ಜೋಡಣೆ ಬೇರೆಲ್ಲೂ ಕಂಡಿಲ್ಲ ಎಂದು ಬರೆಯಿತು. ಗ್ರಂಥಪಾಲಕರಿಗೆ ಹಾರ ಬಿತ್ತು. ಏಜೆನ್ಸಿಗೆ ಮೂರನೇ ಮಹಡಿಯ ಗುತ್ತಿಗೆ ಸಿಕ್ಕಿತು. ವಿಚಾರಣಾ ವರದಿ ಸಲ್ಲಿಕೆಯಾಯಿತು. ಅದರ ಹದಿನಾಲ್ಕನೇ ಪುಟದ ಸಾಲನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ: "ಸದರಿ ನೌಕರಳಿಗೆ ನೋಟಿಸು ನೀಡಿದ ನಂತರ ಕಾಣೆಯಾಗಿದ್ದ ಎಲ್ಲ 2,214 ಪುಸ್ತಕಗಳನ್ನು ಆಕೆಯಿಂದ ಮರಳಿ ಪಡೆಯಲಾಗಿದೆ, ಆಕೆಯ ಬಡತನವನ್ನು ಪರಿಗಣಿಸಿ ಪೊಲೀಸ್ ಕ್ರಮ ಕೈಬಿಡಬಹುದು."

ಇನ್ನೊಮ್ಮೆ ಓದಿ. ಆಕೆಯಿಂದ ಮರಳಿ ಪಡೆಯಲಾಗಿದೆ. ಅಂದರೆ ಕದ್ದಿದ್ದಳು, ಹೆದರಿ ವಾಪಸು ಕೊಟ್ಟಳು. ಪರದೆಯ ಕೆಳಗಿನ ನಾಲ್ಕೂ, ಪ್ರೊಫೆಸರ ಮನೆಯ ಮೂರೂ ಅವಳ ಲೆಕ್ಕಕ್ಕೇ. ಬರೆದವರು ದುಡಿಯುವ ಜನರ ಕಷ್ಟ ಅರ್ಥವಾಗುವವರು. ಬಡತನಕ್ಕೆ ಕರುಣೆಯನ್ನೂ ಸೇರಿಸಿದ್ದಾರೆ. ಈ ಒಂದು ಸಾಲಿನ ಬಲದ ಮೇಲೆ ಖಾಯಂ ಪಟ್ಟಿಯಿಂದ ಮೂರನೇ ಹೆಸರು ತೆಗೆಯುವ ಪ್ರಸ್ತಾವ ಸಿಂಡಿಕೇಟ್ ಸಭೆಯ ಮುಂದಿದೆ. ಚುಕ್ಕಿಯಕ್ಕ ವರದಿ ಓದಿ ಮುಗಿಸಿ ಕೇಳಿದ್ದು ಒಂದೇ ಮಾತು: "ಇದನ್ನ ಯಾವ ನಂಬರಿಗೆ ಹಾಕ್ತಾರೆ ಅಣ್ಣಾ, ಇತಿಹಾಸಕ್ಕಾ, ಕಥೆಗಾ?"

ಈಗ ನಿಮ್ಮ ಸರದಿ. ಈ ಪತ್ರಿಕೆ ಓದುವ ನಿಮ್ಮಲ್ಲಿ ಬಹಳ ಮಂದಿಗೆ ಆ ಗ್ರಂಥಾಲಯದ ಕಾರ್ಡಿದೆ. ನಿಮ್ಮ ಪರೀಕ್ಷೆಗೆ, ನಿಮ್ಮ ಪ್ರಬಂಧಕ್ಕೆ, ನಿಮ್ಮ ಬಡ್ತಿಗೆ ಬೇಕಾದ ಪುಸ್ತಕ ಹೋದ ಕೂಡಲೇ ಸಿಕ್ಕಿದ್ದು ನಿಮ್ಮ ಜಾಣತನದಿಂದಲ್ಲ. ಸಿಂಡಿಕೇಟ್ ಸಭೆ ಗುರುವಾರ ಹನ್ನೊಂದಕ್ಕೆ. ಹಾರ, ಭಾಷಣ, ಮರುಕ ಏನೂ ಬೇಡ. ಕಾರ್ಡು ಹಿಡಿದು ಬನ್ನಿ, ಸಭೆಯ ಬಾಗಿಲಲ್ಲಿ ನಿಲ್ಲಿ, ಹದಿನಾಲ್ಕನೇ ಪುಟದ ಆ ಸಾಲು ಹೊಡೆದು ಹಾಕಿ "ಪುಸ್ತಕಗಳು ಕಳೆದೇ ಇರಲಿಲ್ಲ" ಎಂದು ಬರೆದು ಸಹಿ ಹಾಕುವವರೆಗೆ ಒಬ್ಬರನ್ನೂ ಹೊರಗೆ ಬಿಡಬೇಡಿ. ಬರುತ್ತೀರೋ ಇಲ್ಲವೋ?